ವ್ಯಂಗ್ಯಚಿತ್ರದ ಮೂಲಕ ಸೆನ್ಸಾರ್ ಪಾಠ

ತುರ್ತು ಪರಿಸ್ಥಿತಿಯ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ದಿನಾಂಕಗಳಲ್ಲೇ ಮುಗಿಸುತ್ತಾರೆ. 1975ರ ಜೂನ್ 25ರಂದು ಘೋಷಣೆ, 1977ರ ಮಾರ್ಚ್ 21ರಂದು ಅಂತ್ಯ, ಪತ್ರಿಕೆಗಳಿಗೆ ನಿರ್ಬಂಧ. ಮಕ್ಕಳು ಕಪ್ಪುಹಲಗೆ ನೋಡಿ ಬರೆದುಕೊಳ್ಳುತ್ತಾರೆ. ನಿರ್ಬಂಧವೆಂದರೆ ಏನೆಂದು ತಿಳಿಯುವುದಿಲ್ಲ. ಅದನ್ನು ತಿಳಿಸಲು ವ್ಯಂಗ್ಯಚಿತ್ರ ಒಳ್ಳೆಯ ಬೋಧನೋಪಕರಣ.

ಪಾಠವನ್ನು ಹತ್ತಿರದಿಂದಲೇ ಆರಂಭಿಸಬಹುದು. ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ‘ಶ್ರೀಸಾಮಾನ್ಯ’ನನ್ನು ಸೃಷ್ಟಿಸಿದ ಆರ್.ಕೆ. ಲಕ್ಷ್ಮಣ್ ಮೈಸೂರಿನವರು, ರಾಶಿಯವರ ‘ಕೊರವಂಜಿ’ ಹಾಸ್ಯಪತ್ರಿಕೆಗೂ ಚಿತ್ರ ಬರೆದವರು.

ಅಂದು ಸುದ್ದಿ, ಚಿತ್ರಗಳು ಅಚ್ಚಾಗುವ ಮೊದಲೇ ಸೆನ್ಸಾರ್ ಅಧಿಕಾರಿಯ ಒಪ್ಪಿಗೆ ಪಡೆಯಬೇಕಿತ್ತು. ಅಬು ಅಬ್ರಹಾಂ ಅವರ ಕೆಲವು ಚಿತ್ರಗಳಿಗೆ ಒಪ್ಪಿಗೆ ಸಿಗಲಿಲ್ಲ. ಆದರೆ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕುವ ಅವರ ಚಿತ್ರ 1975ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಈ ಚಿತ್ರವನ್ನು ತೋರಿಸಿ, ಕೆಳಗಿನ ಮಾತನ್ನು ಕಾಗದದಿಂದ ಮುಚ್ಚಿ, ಮೂರು ಪ್ರಶ್ನೆ ಕೇಳಿ: ಏನು ಕಾಣುತ್ತದೆ? ಯಾರನ್ನು ಕುರಿತು ನಗು? ಸಹಿ ಹಾಕುವವರು ಏಕೆ ಇಷ್ಟು ಅವಸರದಲ್ಲಿದ್ದಾರೆ? ಸಂಸತ್ತಿನಲ್ಲಿ ಚರ್ಚೆಯಾಗದೆ ಕಾನೂನು ಹೊರಡುವ ಬಗೆಯನ್ನು ಮಕ್ಕಳೇ ಹೇಳುತ್ತಾರೆ. ಉತ್ತರ ಬರುವ ಮೊದಲು ನೀವು ವಿವರಿಸಬೇಡಿ.

ಮುಂದೆ ಚಟುವಟಿಕೆ. ಹುಣಸೂರು, ಪಿರಿಯಾಪಟ್ಟಣದ ಮಕ್ಕಳಿಗೆ ತಂಬಾಕಿನ ಬೆಲೆ, ಎಚ್.ಡಿ. ಕೋಟೆಯವರಿಗೆ ಹೊಲಕ್ಕೆ ಬರುವ ಆನೆ, ಕೆ.ಆರ್. ನಗರದವರಿಗೆ ನಾಲೆಯ ನೀರು: ಗೊತ್ತಿರುವ ವಿಷಯದ ಮೇಲೆ ಚಿತ್ರ ಬರೆಸಿ. ಒಂದು ಗುಂಪಿಗೆ ಸೆನ್ಸಾರ್ ಅಧಿಕಾರ ಕೊಡಿ. ಬೇಡವೆನಿಸಿದ್ದನ್ನು ಹೊಡೆದುಹಾಕಲಿ, ಕಾರಣ ಮಾತ್ರ ಹೇಳದಿರಲಿ. ಎರಡನೆಯ ಸುತ್ತಿನಲ್ಲಿ ಅದೇ ಮಕ್ಕಳು ಏನು ಬರೆಯುತ್ತಾರೆಂದು ಗಮನಿಸಿ. ಕೆಲವರು ಅಧಿಕಾರಿಯನ್ನು ಬಿಟ್ಟು ಹೂವು ಬರೆಯುತ್ತಾರೆ. ಯಾರೂ ಅಳಿಸುವ ಮೊದಲೇ ತಾವೇ ಅಳಿಸಿಕೊಳ್ಳುವುದು ಸೆನ್ಸಾರ್‌ನ ದೊಡ್ಡ ಪರಿಣಾಮ. ಪಾಠದ ತಿರುಳು ಇದು.

ಒಂದು ಎಚ್ಚರಿಕೆ. ಅಂಬೇಡ್ಕರ್ ಬಸವನಹುಳುವಿನ ಮೇಲೆ ಕುಳಿತಿರುವ, ಹಿಂದೆ ನೆಹರೂ ಚಾಟಿ ಹಿಡಿದಿರುವ ಶಂಕರ್ ಅವರ 1949ರ ಚಿತ್ರ ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕದಲ್ಲಿತ್ತು. 2012ರ ಮೇನಲ್ಲಿ ಸಂಸತ್ತಿನಲ್ಲಿ ಗದ್ದಲವಾಗಿ ಸರ್ಕಾರ ಅದನ್ನು ತೆಗೆಯಿಸಿತು. ಇಬ್ಬರು ಸಲಹೆಗಾರರು ರಾಜೀನಾಮೆ ಕೊಟ್ಟರು. ಸಂವಿಧಾನ ರಚನೆಯ ನಿಧಾನವನ್ನು ತೋರಿಸುವ ಚಿತ್ರವೆಂದು ಕೆಲವರು ಕಂಡರೆ, ಚಾಟಿ ಕಂಡ ಅನೇಕ ದಲಿತರಿಗೆ ನೋವಾಯಿತು. ನಿಮ್ಮ ತರಗತಿಯಲ್ಲೂ ಹಾಗೆ ನೊಂದುಕೊಳ್ಳುವ ಮಗು ಇರಬಹುದು. ಅಂಥ ಮಗುವಿನ ಮಾತನ್ನು ‘ಇದು ಬರೀ ತಮಾಷೆ’ ಎಂದು ತಳ್ಳಿಹಾಕಿದರೆ, ಸೆನ್ಸಾರ್ ಅಧಿಕಾರಿಯ ಕೆಲಸವನ್ನು ಶಿಕ್ಷಕರೇ ಮಾಡಿದಂತೆ.

ಮೌಲ್ಯಮಾಪನದಲ್ಲಿ ಚಿತ್ರದ ಅಂದಕ್ಕೆ ಅಂಕ ಬೇಡ. ಅಧಿಕಾರವನ್ನು ಪ್ರಶ್ನಿಸುವ ನಗುವಿಗೂ ದುರ್ಬಲರನ್ನು ಹೀಯಾಳಿಸುವ ನಗುವಿಗೂ ಇರುವ ವ್ಯತ್ಯಾಸವನ್ನು ಮಗು ತನ್ನ ಮಾತಿನಲ್ಲಿ ಹೇಳಿದರೆ, ಆ ದಿನದ ಉದ್ದೇಶ ಈಡೇರಿದಂತೆ.