ನಿಮಗಿದು ಗೊತ್ತೇ? ಕಾಲುವೆಯಲ್ಲಿ ಸಿಕ್ಕ ಕಾಯ್ದೆ, ಕಿತ್ತೂರಿನ ಕಾದ ಕುಳ

ಗೋಕಾಕ ಹತ್ತಿರದ ಧುಪದಾಳದ ಒಡ್ಡಿನಿಂದ ಹೊರಡುವ ಕಾಲುವೆಗೆ ನೀರು ನಿಂತಾಗ ಅದರ ಗೋಡೆಗಲ್ಲುಗಳನ್ನು ನೋಡಿದವರಿಗೆ ಈ ಸಂಗತಿ ಬೇಗ ಕಣ್ಣಿಗೆ ಕಟ್ಟೀತು. 1884ರಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಗೋರ್ಟಿನ್‌ನಲ್ಲಿ, ಗಿರಣಿಗೆ ನೀರೊಯ್ಯುವ ಕಾಲುವೆ ಇಳಿದಿದ್ದಾಗ, ಇಟಲಿಯ ಫೆಡೆರಿಕೊ ಹಾಲ್‌ಬೆರ್ ಅದರ ಗೋಡೆಯಲ್ಲಿ ಅಕ್ಷರಗಳನ್ನು ಕಂಡರು. ಅಗೆಸಿ ನೋಡಿದರೆ ಅದೊಂದು ಇಡೀ ಕಾಯ್ದೆ: 12 ಅಂಕಣ, 600ಕ್ಕೂ ಹೆಚ್ಚು ಸಾಲು, ಕ್ರಿ.ಪೂ. 450ರ ಆಸುಪಾಸಿನದು. ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ. ಹೊಲದ ತುದಿಯಲ್ಲಿ ಎತ್ತು ತಿರುಗಿದ ಹಾಗೆ ಬರವಣಿಗೆಯೂ ತಿರುಗುತ್ತದೆ.

ಆ ಕಾಯ್ದೆಯ ಪ್ರಕಾರ ಸೋಡಚೀಟಿಯಾದರೆ ಹೆಂಡತಿ ತಾನು ತಂದ ಆಸ್ತಿಯನ್ನು, ಅದರ ಉತ್ಪನ್ನದಲ್ಲಿ ಅರ್ಧವನ್ನು, ಮನೆಯಲ್ಲಿ ತಾನು ನೇಯ್ದದ್ದರಲ್ಲಿ ಅರ್ಧವನ್ನು ಒಯ್ಯಬಹುದು. ತಪ್ಪು ಗಂಡನದಾದರೆ ಮೇಲೆ ಐದು ಸ್ಟೇಟರ್ ನಾಣ್ಯ. ಮಗನಿಗೆ ಎರಡು ಪಾಲು, ಮಗಳಿಗೆ ಒಂದು.

ಹೆಣ್ಣಿನ ಆಸ್ತಿಯ ಮಾತು ಬಂತಲ್ಲ: ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ವಾರಸಿನಿಂದ ಬಂದದ್ದು, ಕೊಂಡದ್ದು ಎಲ್ಲವನ್ನೂ ಸ್ತ್ರೀಧನಕ್ಕೆ ಸೇರಿಸಿದ. ಅದರ ದಾಯಭಾಗದ ಇಂಗ್ಲಿಷ್ ಅನುವಾದವನ್ನು ಕೋಲ್‌ಬ್ರೂಕ್ 1810ರಲ್ಲಿ ಪ್ರಕಟಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟವು. ಗ್ರೀಕರಿಗೆ ಇಂಥ ಒಬ್ಬ ವ್ಯಾಖ್ಯಾನಕಾರನಿಲ್ಲ. ಅದಕ್ಕೇ ಗ್ರೀಕ್ ಕಾಯ್ದೆಯ ಸಂಶೋಧಕರು ಕಲ್ಲು, ಸೀಸ, ಕಸದ ಗುಡ್ಡೆ ಕೆದಕುತ್ತಾರೆ.

ಸೀಸ ಏಕೆ? ಅಥೆನ್ಸಿನಲ್ಲಿ ಖಟ್ಲೆ ನಡೆಯುವ ಮುನ್ನ ಎದುರಾಳಿಯ ನಾಲಗೆ ಕಟ್ಟಿಹೋಗಲೆಂದು ಸೀಸದ ತಗಡಿನಲ್ಲಿ ಶಾಪ ಬರೆದು ಗೋರಿಗೋ ಬಾವಿಗೋ ಹಾಕುತ್ತಿದ್ದರು. ಮಾಟದ ಈ ತಗಡುಗಳೇ ಇಂದು ಕಾನೂನಿನ ಇತಿಹಾಸಕ್ಕೆ ದಾಖಲೆ. ನಮ್ಮ ಕಡೆ ಇಂಥವನ್ನು ಓದುವ ಧೈರ್ಯ ಯಾರಿಗಿದೆಯೋ!

ಅಥೆನ್ಸಿನ ಪೇಟೆ ಮೈದಾನದಲ್ಲಿ ಸಿಕ್ಕ ಒಂದು ಮಣ್ಣಿನ ನೀರ್ಗಡಿಗೆ ಖಾಲಿಯಾಗಲು ಸುಮಾರು ಆರು ನಿಮಿಷ. ನ್ಯಾಯಾಲಯದಲ್ಲಿ ಮಾತಿನ ಅವಧಿಯನ್ನು ಇಂಥ ಗಡಿಗೆಯ ನೀರಿನಿಂದಲೇ ಅಳೆಯುತ್ತಿದ್ದರು. ವಕೀಲರಿಲ್ಲ, ದುಡ್ಡಿದ್ದವರು ಲಿಸಿಯಾಸ್‌ನಂಥವರಿಂದ ಭಾಷಣ ಬರೆಸಿ, ತಾವೇ ಹೇಳಬೇಕು. ಕೇಳುವವರು ಖಾಸಗಿ ವ್ಯಾಜ್ಯಕ್ಕೂ 201 ಮಂದಿ, ಚೀಟಿ ಎತ್ತಿ ಆರಿಸಿದವರು.

ಇನ್ನು ಲೆಕ್ಕದ ಒಂದು ಸ್ವಾರಸ್ಯ. ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್‌ನ ಭಾಷಣಗಳ ನಡುವೆ ಕಾಯ್ದೆಗಳ ಪಾಠ ಬರುತ್ತದೆ. ಅವು ಅಸಲೋ, ಆಮೇಲೆ ಯಾರೋ ತುರುಕಿದ್ದೋ? ಹಳೆಯ ಹಸ್ತಪ್ರತಿಗಳಲ್ಲಿ ನಕಲುಗಾರರು ನೂರು ಸಾಲಿಗೊಂದು ಗುರುತು ಹಾಕಿ ಕೊನೆಯಲ್ಲಿ ಮೊತ್ತ ಬರೆದಿದ್ದಾರೆ. ಕಾಯ್ದೆಗಳನ್ನು ಬಿಟ್ಟು ಎಣಿಸಿದಾಗ ಮಾತ್ರ ಮೊತ್ತ ತಾಳೆಯಾದರೆ, ಮೂಲ ಪ್ರತಿಯಲ್ಲಿ ಆ ಕಾಯ್ದೆ ಇರಲಿಲ್ಲವೆಂದೇ ಅರ್ಥ. ಮಿರ್ಕೊ ಕನೆವಾರೊ 2013ರ ತಮ್ಮ ಪುಸ್ತಕದಲ್ಲಿ ಹೀಗೆ ಎಣಿಸಿ, ಭಾಷೆಯನ್ನೂ ಒರೆಗೆ ಹಚ್ಚಿ, ಶತಮಾನಗಳಿಂದ ಪಂಡಿತರು ಉದ್ಧರಿಸುತ್ತ ಬಂದ ಹಲವು ‘ಕಾಯ್ದೆ’ಗಳು ಖೋಟಾ ಎಂದರು. ಕೂಲಿಗೆ ನಕಲು ಮಾಡಿದವನ ಲೆಕ್ಕ ಪಂಡಿತರ ನಂಬಿಕೆಗಿಂತ ಗಟ್ಟಿ ಸಾಕ್ಷಿಯಾಯಿತು.

ಈಜಿಪ್ಟಿನ ಆಕ್ಸಿರಿಂಕಸ್ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅಲ್ಲಿಯ ಹಳೆಯ ತಿಪ್ಪೆಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂದು 1904ರಲ್ಲಿ ಹುಲ್ಟ್ಶ್ ವಾದಿಸಿದರು. ‘ಅರ್ಥಶಾಸ್ತ್ರ’ದ ಓಲೆಗರಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಆರ್. ಶಾಮಶಾಸ್ತ್ರಿಗಳೂ ಅದರ ಬೆನ್ನು ಹತ್ತಿದ್ದರು. ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಅದೇ ತಿಪ್ಪೆಯಲ್ಲಿ ದಯೊನಿಸಿಯಾ ಎಂಬ ಹೆಣ್ಣುಮಗಳು ಕ್ರಿ.ಶ. 186ರಲ್ಲಿ ಕೊಟ್ಟ ಅರ್ಜಿಯೂ ಸಿಕ್ಕಿದೆ ಎಂಬುದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಆಸ್ತಿಯ ಜಗಳ ಎದ್ದಾಗ ಅಪ್ಪ, ಮಗಳನ್ನು ಗಂಡನಿಂದ ಬಿಡಿಸಿ ಕರೆದೊಯ್ಯುವ ಹಕ್ಕು ತನಗಿದೆಯೆಂದ. ಮಗಳು ಹಿಂದಿನ ತೀರ್ಪುಗಳ ನಕಲು ಹಚ್ಚಿದಳು. ಅದರಲ್ಲೊಂದು, ಹೆಂಡತಿ ಯಾರ ಹತ್ತಿರ ಇರಲು ಬಯಸುತ್ತಾಳೆ ಎಂಬುದೇ ಮುಖ್ಯ ಎಂದಿದ್ದ ರೋಮನ್ ರಾಜ್ಯಪಾಲನದು. ಕಾಯ್ದೆ ಪುಸ್ತಕದಲ್ಲಿ ಏನಿತ್ತು ಎನ್ನುವುದಕ್ಕಿಂತ ಜನ ಅದನ್ನು ಹೇಗೆ ಬಳಸಿಕೊಂಡರು ಎಂದು ಕೇಳುವ ಇಂದಿನ ವಿದ್ವಾಂಸರಿಗೆ ಇದಕ್ಕಿಂತ ಒಳ್ಳೆಯ ಕಡತ ಬೇಡ.

ನಮ್ಮ ಬೆಳಗಾವಿ ಜಿಲ್ಲೆಯಲ್ಲೂ ಇಂಥ ಕಡತವಿದೆ, ಕಲ್ಲಿನದು. ಗೋವೆಯ ಕದಂಬರ ಮೂರನೆಯ ಜಯಕೇಶಿಯ ಕಾಲದ, 1188ರ ಕಿತ್ತೂರಿನ ಶಾಸನ. ಎರಡು ಗುಡಿಗಳ ಆಚಾರ್ಯರಿಗೆ ಒಂದು ಹೊಲದ ತಕರಾರು. ಒಬ್ಬ ಶಿವಶಕ್ತಿ, ಇನ್ನೊಬ್ಬ ಕಲ್ಯಾಣಶಕ್ತಿ. ಕಲ್ಯಾಣಶಕ್ತಿ ‘ಫಾಲದಿವ್ಯ’ ಹಿಡಿದ, ಅಂದರೆ ಕಾಸಿದ ನೇಗಿಲಿನ ಕುಳವನ್ನು. ಆಮೇಲೆ ಕೈ ಪರೀಕ್ಷಿಸಿ ಅವನೇ ಗೆದ್ದನೆಂದರು. ಈ ಶಾಸನವನ್ನು ವಿದ್ವಾಂಸರಿಗೆ ತೋರಿಸಿದ್ದು ಜೆ.ಎಫ್. ಫ್ಲೀಟ್.

ಸೊಫೊಕ್ಲೀಸ್‌ನ ‘ಆಂಟಿಗೊನೆ’ ನಾಟಕದ ಕಾವಲುಗಾರನೂ, ನಾವು ತಪ್ಪು ಮಾಡಿಲ್ಲ, ಬೇಕಾದರೆ ಕಾದ ಕಬ್ಬಿಣ ಹಿಡಿಯುತ್ತೇವೆ ಎನ್ನುತ್ತಾನೆ. ಆದರೆ ಅಥೆನ್ಸಿನ ನ್ಯಾಯಾಲಯದಲ್ಲಿ ಆ ಪದ್ಧತಿ ಇರಲಿಲ್ಲ; ಅಲ್ಲಿ ಮಾತು, ಸಾಕ್ಷಿ, ಮತ. ನಾಟಕವನ್ನು ಕಾಯ್ದೆಗೆ ಸಾಕ್ಷಿಯಾಗಿ ಎಷ್ಟು ನಂಬಬೇಕೆಂಬ ಚರ್ಚೆ ಇಂಥ ಕಡೆಯೇ ಹುಟ್ಟುವುದು. ಅಲ್ಲದೆ ‘ಗ್ರೀಕ್ ಕಾಯ್ದೆ’ ಎಂಬ ಒಂದೇ ವಸ್ತು ಇತ್ತೇ, ಊರಿಗೊಂದು ಕಾಯ್ದೆಯಷ್ಟೇ ಇತ್ತೇ? ಇತಿಹಾಸಕಾರ ಮೋಸೆಸ್ ಫಿನ್ಲಿ ಊರಿಗೊಂದು ಎಂದರು. ಗೋರ್ಟಿನ್ ಕಲ್ಲನ್ನೂ ಅಥೆನ್ಸಿನ ಭಾಷಣವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನನಗೂ ಹಾಗೆಯೇ ಅನ್ನಿಸುತ್ತದೆ.

ಸವೆದ ಕಲ್ಲಿನ ತಾರೀಖು ಓದಲು 1990ರಲ್ಲಿ ಲೇಸರ್ ಬಂತು. ಅಥೆನ್ಸ್ ಮತ್ತು ಸಿಸಿಲಿಯ ಎಗೆಸ್ತಾ ಊರಿನ ಒಪ್ಪಂದದ ಕಲ್ಲಿನೊಳಗೆ ಬೆಳಕು ಹಾಯಿಸಿ ಆ ವರ್ಷದ ಅಧಿಕಾರಿಯ ಹೆಸರು ಆಂಟಿಫೋನ್ ಎಂದು ಓದಿದರು. ಅಂದರೆ ಅದು ಕ್ರಿ.ಪೂ. 418ರದು, ಅಕ್ಷರದ ಆಕಾರ ನಂಬಿ ದಶಕಗಳಷ್ಟು ಹಿಂದಕ್ಕೆ ಹಾಕಿದ್ದು ಅಲುಗಾಡಿತು.

ಗೋಕಾಕದಲ್ಲಿ ದೊರೆತ ದೆಜ್ಜ ಮಹಾರಾಜನ ಕಾಲದ ತಾಮ್ರಪಟಕ್ಕೆ ಈ ಉಪಾಯ ನಡೆಯದು. ಸೇಂದ್ರಕ ಇಂದ್ರಣಂದ ಜಿನಪೂಜೆಗಾಗಿ ಜಲಾರ ಗ್ರಾಮದಲ್ಲಿ 50 ನಿವರ್ತನ ಹೊಲ ಬಿಟ್ಟ ದಾನಪತ್ರ ಅದು. ಅಕ್ಷರ ಸವೆದಿಲ್ಲ, ವರ್ಷವೂ ಓದಲು ಬರುತ್ತದೆ: ಆಗುಪ್ತಾಯಿಕ ರಾಜರ 845. ಆ ರಾಜರು ಯಾರು, ಆ ಶಕೆ ಎಂದು ಶುರುವಾಯಿತು ಎಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.