ಪದದಾಟ ಮರೆವಿಗೆ ಮದ್ದೇ?

‘ಡಾಕ್ಟ್ರೇ, ದಿನಾ ಪದಗಳ ಆಟ ಆಡಿದರೆ ವಯಸ್ಸಾದ ಮೇಲೆ ಮರೆವು ಬರೋದಿಲ್ಲವಂತೆ, ನಿಜವೇ?’ ಹಿರಿಯರು ಆಗಾಗ ಕೇಳುವ ಪ್ರಶ್ನೆ ಇದು.

ಇಂಥ ಆಟಗಳಲ್ಲಿ ಒಂದನ್ನು ನೋಡೋಣ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತ ಒಂದು ಪದದಿಂದ ಇನ್ನೊಂದು ಪದಕ್ಕೆ ಹೋಗಬೇಕು. ನಡುವೆ ಬರುವ ಪದಗಳಿಗೂ ಅರ್ಥವಿರಬೇಕು. ‘ಆಲಿಸ್’ ಕಥೆಗಳ ಲೇಖಕ ಲೂಯಿಸ್ ಕ್ಯಾರಲ್ 1877ರಲ್ಲಿ ಇದನ್ನು ಇಂಗ್ಲಿಷಿನಲ್ಲಿ ರೂಪಿಸಿದರು. ಕನ್ನಡದಲ್ಲೂ ಸೊಗಸಾಗಿ ಆಡಬಹುದು. ‘ಕಲ್ಲು’ ಹೋಗಿ ‘ಹಣ್ಣು’ ಆಗಬೇಕೆನ್ನಿ. ಅಜ್ಜ ‘ಕಲ್ಲು-ಹಲ್ಲು-ಹಣ್ಣು’ ಎಂದರೆ ಮೊಮ್ಮಗಳು ‘ಕಲ್ಲು-ಕಣ್ಣು-ಹಣ್ಣು’ ಎನ್ನಬಹುದು. ಎರಡೂ ಸರಿ!

ಆಡುವಾಗ ಮಿದುಳು ಗುರಿಯ ಪದವನ್ನು ನೆನಪಿನಲ್ಲಿಟ್ಟುಕೊಂಡೇ ಬೇರೆ ಪದಗಳನ್ನು ಹುಡುಕಬೇಕು, ಸಲ್ಲದವನ್ನು ಬಿಡಬೇಕು. ಇದು ಒಳ್ಳೆಯ ಕಸರತ್ತು. ಮಕ್ಕಳಿಗೆ ಕಾಗುಣಿತ, ಒತ್ತಕ್ಷರಗಳ ಅಭ್ಯಾಸವಾಗುತ್ತದೆ. ಹಿರಿಯರಿಗೆ ಮಾತಿಗೆ ಜೊತೆ ಸಿಗುತ್ತದೆ.

ಆದರೆ ಪದದಾಟ ಆಡಿದವರು ಮುಖ್ಯವಾಗಿ ಪದದಾಟದಲ್ಲೇ ಚುರುಕಾಗುತ್ತಾರೆ. ಮರೆವಿನ ಕಾಯಿಲೆಯನ್ನು ಅದು ತಡೆಯುತ್ತದೆಂದು ಖಚಿತವಾಗಿ ಸಾಬೀತಾಗಿಲ್ಲ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಈ ಕಾಯಿಲೆಗೆ ದಾರಿಮಾಡುವ, ಆದರೆ ಸರಿಪಡಿಸಬಹುದಾದ 14 ಅಂಶಗಳನ್ನು ಗುರುತಿಸಿತು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ವ್ಯಾಯಾಮವಿಲ್ಲದಿರುವುದು, ಕಿವಿ ಮಂದವಾಗುವುದು, ಒಂಟಿತನ ಇವೆಲ್ಲ ಅದರಲ್ಲಿವೆ. ಬಿ.ಪಿ. ಮಾತ್ರೆ ಬಿಟ್ಟು ಪದದಾಟ ಆಡಿದರೆ ಏನು ಪ್ರಯೋಜನ?

ಗಮನಿಸಬೇಕಾದ ಲಕ್ಷಣಗಳು

ಯಾರದೋ ಹೆಸರು ತಟ್ಟನೆ ಹೊಳೆಯದೆ ಸ್ವಲ್ಪ ಹೊತ್ತಿಗೆ ನೆನಪಾದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ರಸ್ತೆಯಲ್ಲಿ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ದಿನವೂ ಬಿಡಿಸುತ್ತಿದ್ದ ಪದಬಂಧವನ್ನು ‘ಆಗೋಲ್ಲ’ ಎಂದು ಬದಿಗಿಡುವುದು ಕಂಡರೆ ಮಾತ್ರ ಉದಾಸೀನ ಬೇಡ. ಆಗ ಪದಬಂಧದ ಪುಸ್ತಕ ಕೊಟ್ಟು ಕೂರಿಸಬೇಡಿ. ವೈದ್ಯರ ಬಳಿ ಕರೆತನ್ನಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರೆಮಾತ್ರೆ ಇವುಗಳಿಂದಲೂ ಮರೆವು ಬರಬಹುದು. ರಕ್ತಪರೀಕ್ಷೆ, ವಿಚಾರಣೆಗಳಿಂದ ಕಾರಣ ತಿಳಿದು ಚಿಕಿತ್ಸೆ ಮಾಡಿದರೆ ಅಂಥ ಮರೆವು ಎಷ್ಟೋ ಸಲ ಸುಧಾರಿಸುತ್ತದೆ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಒಂದೊಂದು ನಿಮಿಷವೂ ಅಮೂಲ್ಯ.

ಆಟ ಬಿಡಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ನಡೆದು ಬಂದು ಮೊಮ್ಮಕ್ಕಳನ್ನು ಕೂರಿಸಿಕೊಳ್ಳಿ. ‘ಮರ’ವನ್ನು ‘ಕೊಡೆ’ ಮಾಡಿ ನೋಡಿ. ನಡುವೆ ಎರಡೇ ಪದ ಸಾಕು!