ವಿದ್ಯುಚ್ಛಕ್ತಿಯ ಒತ್ತಡದ ಏರಿಳಿತವೂ ಗೃಹೋಪಕರಣಗಳ ಸಂರಕ್ಷಣೆಯೂ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನೂ ಸೇರಿತು. ಈಗ ಅದು ಹಳ್ಳಿಯ ಮನೆಗಳಿಗೂ ತೋಟಗಳಿಗೂ ಬಂದಿರುವುದು. ಆದರೆ ಶಕ್ತಿಯು ಬಂದಷ್ಟರಿಂದಲೇ ಸಾಲದು. ಸಮನಾದ ಒತ್ತಡದಲ್ಲಿ ಬರಬೇಕು. ಒತ್ತಡವು ಒಮ್ಮೆ ಕುಗ್ಗಿ ಒಮ್ಮೆ ಉಬ್ಬುವ ಗ್ರಾಮಗಳಲ್ಲಿ ಫ್ರಿಜ್ಜು, ಟೆಲಿವಿಷನ್ನು, ಪಂಪಿನ ಮೋಟಾರು ಮೊದಲಾದವು ಅಕಾಲದಲ್ಲಿ ಸುಟ್ಟುಹೋಗುವುದುಂಟು. ಆದಕಾರಣ ಗ್ರಾಮಮುಖ್ಯಸ್ಥರೂ ಜಮೀನುದಾರರೂ ಇದರ ಕಾರಣಗಳನ್ನೂ ನಿವಾರಣೋಪಾಯಗಳನ್ನೂ ತಿಳಿದಿರುವುದು ಅವಶ್ಯಕ.

ಕಾರಣಗಳು :— ಮನೆಗಳಿಗೆ ಒದಗತಕ್ಕ ಒತ್ತಡವು ೨೩೦ ವೋಲ್ಟು. ೧೯೫೬ರ ಭಾರತೀಯ ವಿದ್ಯುತ್ ನಿಯಮಗಳು ಇದರಲ್ಲಿ ನೂರಕ್ಕೆ ೬ರಷ್ಟು ಹೆಚ್ಚುಕಡಿಮೆಯನ್ನು, ಅಂದರೆ ಸುಮಾರು ೨೧೬ರಿಂದ ೨೪೪ ವೋಲ್ಟಿನವರೆಗೆ, ಒಪ್ಪಿದ್ದವು. ಕಾಲುವೆಯ ತಲೆಯಲ್ಲಿರುವ ಗದ್ದೆಗಳೆಲ್ಲವೂ ಒಮ್ಮೆಗೇ ನೀರು ಕಟ್ಟಿಕೊಂಡರೆ ಕಡೆಯ ಗದ್ದೆಗೆ ನೀರು ಸಾಲದೆ ಹೋಗುವಂತೆ, ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮನೆಗಳಿಗೆ, ಪಂಪ್‌ಸೆಟ್ಟುಗಳು ಏಕಕಾಲದಲ್ಲಿ ನಡೆಯುವಾಗ, ಒತ್ತಡವು ಕುಗ್ಗುವುದು. ಅವು ನಿಂತೊಡನೆ ಒತ್ತಡವು ಏರುವುದು. ಪಂಪುಗಳ ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿರುವ ಕಡೆ ಈ ತೊಂದರೆಯು ಕಡಿಮೆ.

ಇದಕ್ಕಿಂತಲೂ ಅಪಾಯಕರವಾದುದು ನ್ಯೂಟ್ರಲ್ ತಂತಿಯು ಕಡಿದುಹೋಗುವುದು. ಆಗ ಕೆಲವು ಮನೆಗಳ ಒತ್ತಡವು ೪೦೦ ವೋಲ್ಟಿನ ಸಮೀಪಕ್ಕೆ ಏರಬಹುದು. ಒಂದು ಮನೆಯ ದೀಪವು ಕಣ್ಣು ಕುಕ್ಕುವಂತೆ ಉರಿದು ನೆರೆಮನೆಯದು ಮಂಕಾದರೆ ಅದೇ ಇದರ ಗುರುತು. ಆ ಕ್ಷಣವೇ ಮೈನ್ ಸ್ವಿಚ್ಚನ್ನು ಆರಿಸತಕ್ಕದ್ದು. ಮುಂಗಾರಿಗೆ ಮುನ್ನ ಬರುವ ಸಿಡಿಲುಮಳೆಯಲ್ಲಿಯೂ ತಂತಿಗಳ ಮೂಲಕ ಮಹತ್ತಾದ ಒತ್ತಡವು ಕ್ಷಣಮಾತ್ರದಲ್ಲಿ ಮನೆಯೊಳಕ್ಕೆ ನುಗ್ಗುವುದುಂಟು.

ಹಾನಿಯ ವಿಧಗಳು :— ಎಲ್ಲ ಉಪಕರಣಗಳೂ ಒಂದೇ ರೀತಿ ಕೆಡುವುದಿಲ್ಲ. ಮೋಟಾರುಳ್ಳವು ಕಡಿಮೆ ಒತ್ತಡಕ್ಕೆ ಅಂಜುವುವು. ಒತ್ತಡವು ೨೩೦ರಿಂದ ೧೮೪ ವೋಲ್ಟಿಗೆ ಇಳಿದರೆ, ಮೋಟಾರು ಹೊರಡುವಾಗಿನ ತಿರುಗಿಸುವ ಬಲವು ನೂರಕ್ಕೆ ೬೪ರಷ್ಟು ಮಾತ್ರ ಉಳಿಯುವುದು. ತಿರುಗಲಾರದ ಮೋಟಾರು ಹೆಚ್ಚು ಪ್ರವಾಹವನ್ನೆಳೆದು, ಕಾದು, ಸುರುಳಿಗಳನ್ನು ಸುಟ್ಟುಕೊಳ್ಳುವುದು. ಟೆಲಿವಿಷನ್ನು, ಮೊಬೈಲಿನ ಚಾರ್ಜರು ಮೊದಲಾದವುಗಳಲ್ಲಿ ಅನೇಕವು ೧೦೦ರಿಂದ ೨೪೦ ವೋಲ್ಟಿನವರೆಗೆ ನಡೆಯುವಂತೆ ರಚಿತವಾಗಿವೆ. ಇವುಗಳಿಗೆ ಹೆಚ್ಚಿನ ಒತ್ತಡವೇ ಶತ್ರು. ಆಯಾ ಉಪಕರಣದ ಮೇಲಿನ ಚೀಟಿಯನ್ನು ಓದಿ ಈ ಭೇದವನ್ನರಿತರೆ ವ್ಯರ್ಥವಾದ ಖರ್ಚು ತಪ್ಪುವುದು.

ನಿವಾರಣೋಪಾಯಗಳು :— (೧) ಫ್ರಿಜ್ಜಿಗೆ ಸ್ಟೆಬಿಲೈಜರನ್ನು ಜೋಡಿಸತಕ್ಕದ್ದು. ಅದು ಊರಿನ ಅತಿ ಕಡಿಮೆಯ ಒತ್ತಡದಲ್ಲಿಯೂ ಕೆಲಸ ಮಾಡುವಂಥದೂ, ಒತ್ತಡವು ಮಿತಿಮೀರಿದರೆ ತಾನೇ ಕಡಿದುಕೊಳ್ಳುವಂಥದೂ, ಕರೆಂಟು ಮರಳಿದ ಮೇಲೆ ಸುಮಾರು ೩ ನಿಮಿಷ ತಡೆದು ಶಕ್ತಿಯನ್ನು ಬಿಡುವಂಥದೂ ಆಗಿರಬೇಕು. ಆ ಅವಧಿಯಲ್ಲಿ ಕಂಪ್ರೆಸರಿನೊಳಗಿನ ಅನಿಲದ ಒತ್ತಡವು ಸಮವಾಗುವುದು.

(೨) ಸ್ಟೆಬಿಲೈಜರು ಸಿಡಿಲನ್ನು ತಡೆಯಲಾರದು. ಗುಡುಗು ಕೇಳಿಸುವ ಮೊದಲೇ, ಮೋಡ ಕವಿಯುತ್ತಲೇ, ಪ್ಲಗ್ಗನ್ನೂ ಡಿಶ್ಶಿನ ಕೇಬಲನ್ನೂ ಕಿತ್ತಿಡತಕ್ಕದ್ದು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ರಕ್ಷಣೆಯಾಗದು.

(೩) ಸರ್ಜ್ ಪ್ರೊಟೆಕ್ಟರನ್ನು ಮೈನ್ ಬೋರ್ಡಿನಲ್ಲಿ ಹಾಕಿಸಬಹುದು. ಆದರೆ ಒಳ್ಳೆಯ ಅರ್ಥಿಂಗ್ ಇಲ್ಲದೆ ಅದು ಪ್ರಯೋಜನಕ್ಕೆ ಬಾರದು. ಅರ್ಥಿಂಗಿನ ಗುಂಡಿಯ ನೆಲವು ಬೇಸಗೆಯಲ್ಲಿ ಒಣಗದಂತೆ ನೀರು ಹೊಯ್ಯುತ್ತಿರಬೇಕು.

(೪) ಮೂರು ಫೇಸಿನ ಪಂಪಿಗೆ, ಒಂದು ಫೇಸು ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಸಾಧನವನ್ನು ಹಾಕಿಸತಕ್ಕದ್ದು. ಎರಡೇ ಫೇಸಿನಲ್ಲಿ ಕಂಡೆನ್ಸರಿನ ಬಲದಿಂದ ಪಂಪನ್ನು ನಡೆಸುವುದರಿಂದ ಮೋಟಾರೂ ಕೆಡುವುದು, ನೆರೆಯವರ ಒತ್ತಡವೂ ಕುಗ್ಗುವುದು. ಇದಕ್ಕೆ ಬದಲಾಗಿ, ಮೂರು ಫೇಸಿಗೂ ಸೇರಿದ ಸರಿಯಾದ ಕೆಪಾಸಿಟರು (೫ ಅಶ್ವಶಕ್ತಿಯ ಮೋಟಾರಿಗೆ ೨ ಕೆ.ವಿ.ಎ.ಆರ್.) ಮಾರ್ಗದ ಭಾರವನ್ನು ತಗ್ಗಿಸುವುದು.

ಗ್ರಾಮದ ಕರ್ತವ್ಯ :— ಮನೆಯೊಳಗಿನ ಏರ್ಪಾಡಿನಿಂದ ಮಾತ್ರವೇ ಈ ಕಷ್ಟವು ತೀರದು. ಕರೆಂಟು ಬಂದ ಕೂಡಲೇ ಊರಿನ ಪಂಪುಗಳೆಲ್ಲವೂ ಆಟೋಸ್ಟಾರ್ಟರಿನಿಂದ ಒಮ್ಮೆಗೇ ಹೊರಡುವುದಾದರೆ ಟ್ರಾನ್ಸ್‌ಫಾರ್ಮರು ಸುಟ್ಟು ಬೆಳೆಯೂ ಒಣಗಬಹುದು. ನೀರಿಗೆ ಸರದಿಯಿರುವಂತೆ ಪಂಪುಗಳಿಗೂ ಸರದಿಯನ್ನು ಗೊತ್ತುಮಾಡುವುದು ಮುಖ್ಯಸ್ಥರಿಂದ ಸಾಧ್ಯವಾದ ಕಾರ್ಯ. ಫ್ಯೂಜು ಹೋದಾಗ ದಪ್ಪ ತಂತಿಯನ್ನು ಕಟ್ಟುವುದನ್ನೂ, ಯಾರಾದರೂ ತಾವೇ ಕಂಬ ಹತ್ತುವುದನ್ನೂ ಖಂಡಿತವಾಗಿ ತಡೆಯಬೇಕು. ೧೯೧೨ ಸಂಖ್ಯೆಗೆ ಫೋನುಮಾಡಿ ಲೈನ್‌ಮನ್ನನನ್ನು ಕರೆಯಿಸತಕ್ಕದ್ದು. ಸುಟ್ಟ ಫ್ರಿಜ್ಜಿಗೆ ಬದಲು ಮತ್ತೊಂದನ್ನು ಕೊಳ್ಳಬಹುದು. ಹೋದ ಪ್ರಾಣವನ್ನು ತರಲಾಗದು. ಒಬ್ಬೊಬ್ಬರೂ ತಮ್ಮ ಮನೆಯನ್ನೂ, ಎಲ್ಲರೂ ಕೂಡಿ ಊರಿನ ಟ್ರಾನ್ಸ್‌ಫಾರ್ಮರನ್ನೂ ಕಾಪಾಡಿಕೊಂಡಲ್ಲಿ, ಈ ಶಕ್ತಿಯು ಗ್ರಾಮಕ್ಕೆ ನಿಜವಾದ ಅಭ್ಯುದಯವನ್ನು ಉಂಟುಮಾಡುವುದು.